ನಲವತ್ತು ಸ್ಪರ್ಶಗಳ ನಿಯಮ

ವಿಜ್ಞಾನದಲ್ಲಿ ಅಭಿರುಚಿಯುಳ್ಳ ವಾಚಕ ಮಹಾಶಯರೇ, ಈ ವೃತ್ತಾಂತದಲ್ಲಿ ಆಕಾಶನೌಕೆಗಳಿಲ್ಲ, ಅನ್ಯಗ್ರಹದ ಜೀವಿಗಳಿಲ್ಲ, ಭೂಮಂಡಲವನ್ನು ನಾಶಗೊಳಿಸಲು ಸಂಚು ಹೂಡುವ ಖಳರೂ ಇಲ್ಲ. ಮೂರು ಬೆರಳಗಲದ ಒಂದು ಪಟ್ಟಿ ಮತ್ತು ಅದರ ಸುತ್ತ ಇದ್ದ ಕೆಲವೇ ಜನರು ಇದ್ದಾರೆ. ಇದು ನಡೆದದ್ದು ಇಪ್ಪತ್ತೊಂದನೆಯ ಶತಮಾನದ ಎಂಟನೆಯ ದಶಕದಲ್ಲಿ. ತಾವು ಸಾವಧಾನಚಿತ್ತರಾಗಿ ಅವಲೋಕಿಸಬೇಕೆಂದು ಸವಿನಯ ಪ್ರಾರ್ಥನೆ.

ಒಂದು ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ, ಗುಳೇದಗುಡ್ಡದ ನೇಕಾರರ ಓಣಿಯ ಒಂದು ಬಚ್ಚಲಮನೆಯಲ್ಲಿ, ಎಂಬತ್ತೊಂದು ವರ್ಷದ ಶಾವಂತ್ರೆವ್ವನ ಎಡತೋಳಿಗೆ ಅಂಟಿಕೊಂಡಿದ್ದ ಪಟ್ಟಿಯಿಂದ ಕೆಂಪು ಸಂಕೇತವೊಂದು ಹೊರಟಿತು. ಸದ್ದಾಗಲಿಲ್ಲ, ಬೆಳಕು ಬೀಳಲಿಲ್ಲ. ಪಟ್ಟಿ ಕಟ್ಟಿಕೊಂಡವಳಿಗೂ ಗೊತ್ತಾಗಲಿಲ್ಲ, ಅವಳ ಬೆನ್ನ ಹಿಂದೆ ಮಣೆ ಹಾಕಿಕೊಂಡು ಕುಳಿತಿದ್ದ ಸೊಸೆಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಬಾದಾಮಿಯ ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಕುಳಿತು ಮಂಡಕ್ಕಿಯ ಸೂಸಲ ತಿನ್ನುತ್ತಿದ್ದ ಇರಸಂಗಪ್ಪನಿಗೆ. ಅವನ ಅಂಗಿಯ ಕಿಸೆಯಲ್ಲಿದ್ದ ಮೊಬೈಲು ಎರಡು ಸಲ ನಡುಗಿತು. ಅವನು ತಟ್ಟೆಯನ್ನು ಖಾಲಿ ಮಾಡಿ, ಕೈ ತೊಳೆದು, ಚೀಲವನ್ನು ಹೆಗಲಿಗೇರಿಸಿ ಗುಳೇದಗುಡ್ಡದ ಬಸ್ಸು ಹಿಡಿದ.

ಇರಸಂಗಪ್ಪ ವೃದ್ಧರಕ್ಷಣಾ ಇಲಾಖೆಯ ಸಂಚಾರಿ ಪರಿವೀಕ್ಷಕ. ವಯಸ್ಸು ಐವತ್ತೆರಡು. ಆ ಚೀಲದಲ್ಲಿದ್ದ ಎರಡು ಜೊತೆ ಬಟ್ಟೆ, ಒಂದು ಟವೆಲು, ಇಲಾಖೆಯ ಹಾಳೆಗಳು ಇವೇ ಅವನ ಸಂಸಾರ. ನಲವತ್ತು ಊರುಗಳು ಅವನ ಪಾಲಿಗಿದ್ದವು. ಯಾವ ಊರಿನಲ್ಲೂ ಅವನು ಎರಡು ರಾತ್ರಿಗಿಂತ ಹೆಚ್ಚು ಉಳಿದದ್ದಿಲ್ಲ.

ಆ ಪಟ್ಟಿಯ ಹೆಸರು ಸ್ಪರ್ಶಮಾಪಿ. ಎಪ್ಪತ್ತು ತುಂಬಿದ ಪ್ರತಿಯೊಬ್ಬರೂ ಅದನ್ನು ಧರಿಸಬೇಕೆಂಬುದು ಕಾನೂನು. ದೇಹದ ಯಾವ ಭಾಗವನ್ನು ಯಾರು ಮುಟ್ಟಿದರೂ ಚರ್ಮದಲ್ಲಿ ಸೂಕ್ಷ್ಮವಾದ ಕಂಪನವೊಂದು ಏಳುತ್ತದೆ. ಕೆರೆಯಲ್ಲಿ ಕಲ್ಲು ಬಿದ್ದಾಗ ಅಲೆ ದಂಡೆಗೆ ಬರುವಂತೆ ಅದು ತೋಳಿನವರೆಗೆ ಹರಿದು ಬರುತ್ತದೆ. ಪಟ್ಟಿಯೊಳಗಿನ ತಂತುಗಳು ಆ ಅಲೆಯ ಬಲವನ್ನು ಅಳೆಯುತ್ತವೆ. ಮುಟ್ಟಿದ್ದು ಮನುಷ್ಯನ ಕೈಯೋ ಗೋಡೆಯೋ ಎಂಬುದನ್ನೂ ಕೈಯ ಶಾಖ ಮತ್ತು ವಿದ್ಯುತ್ತಿನಿಂದ ಗುರುತಿಸುತ್ತವೆ. ಬಲವು ಒಂದು ಗೊತ್ತಾದ ಮಟ್ಟವನ್ನು ದಾಟಿದರೆ, ಅಂದರೆ ಪೀಡನಮಿತಿಯನ್ನು ಮೀರಿದರೆ, ಕೆಂಪು ಸಂಕೇತ ಹೊರಡುತ್ತದೆ. ಮೊದಲನೆಯದಕ್ಕೆ ವಿಚಾರಣೆ, ಎರಡನೆಯದಕ್ಕೆ ಎಚ್ಚರಿಕೆ. ಮೂರನೆಯದು ಬಂದರೆ ವೃದ್ಧರನ್ನು ಅದೇ ದಿನ ಮನೆಯಿಂದ ಬಿಡಿಸಿ ಬಾಗಲಕೋಟೆಯ ಪಾಲನಾಲಯಕ್ಕೆ ಸೇರಿಸತಕ್ಕದ್ದು.

ಇದನ್ನು ಕಂಡುಹಿಡಿದವರು ಡಾಕ್ಟರ್ ನಳಿನಾಕ್ಷಿ. ಇರಸಂಗಪ್ಪ ಅವರನ್ನು ದೇವರಂತೆ ನಂಬಿದ್ದ. ನಂಬಲು ಕಾರಣಗಳೂ ಇದ್ದವು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವನು ಒಬ್ಬ ಮುದುಕಿಯ ಮನೆಗೆ ಹೋಗಿದ್ದ. ಮಗ ಪ್ರತಿದಿನ ಅವಳ ಮಣಿಕಟ್ಟು ತಿರುಚುತ್ತಿದ್ದ. "ನನ್ನ ಮಗ ಬಂಗಾರ" ಎಂದು ಆಕೆ ಹೇಳುತ್ತಲೇ ಇದ್ದಳು, ಬಾತುಕೊಂಡ ಕೈಯನ್ನು ಸೆರಗಿನೊಳಗೆ ಸೇರಿಸುತ್ತಲೇ ಇದ್ದಳು. ಪಟ್ಟಿ ಇಲ್ಲದಿದ್ದರೆ ಆ ಕೈ ಮುರಿಯುವವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದ್ದರಿಂದಲೇ ಧರಿಸಿದವರ ಹೇಳಿಕೆಯನ್ನು ಸಾಕ್ಷ್ಯವೆಂದು ಪರಿಗಣಿಸಬಾರದೆಂಬ ನಿಯಮವಿತ್ತು.

ಇನ್ನೊಂದು ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ. ಪಟ್ಟಿಯಿಲ್ಲದ ಕಾಲದಲ್ಲಿ, ಬಚ್ಚಲಲ್ಲಿ ಒಂದೇ ದಿನ ಮೂರನೆಯ ಸಲ ಜಾರಿ ಬಿದ್ದ ತಂದೆಯನ್ನು ಅವನು ಸಿಟ್ಟಿನಿಂದ ತೋಳು ಹಿಡಿದು ಮೇಲಕ್ಕೆಳೆದಿದ್ದ. ಐದು ಬೆರಳುಗಳ ನೀಲಿ ಗುರುತು ಹದಿನೈದು ದಿನ ಉಳಿದಿತ್ತು. ತಂದೆ ಏನೂ ಅನ್ನಲಿಲ್ಲ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿಕೊಂಡಿದ್ದ, ಅಷ್ಟೇ. ಬಾಯಿ ಮುಚ್ಚಿಕೊಳ್ಳಲು ಬಾರದ ಯಂತ್ರವೊಂದು ಲೋಕದಲ್ಲಿರುವುದು ಒಳ್ಳೆಯದೆಂದು ಇರಸಂಗಪ್ಪನಿಗೆ ಅನ್ನಿಸಿದ್ದು ಅಂದಿನಿಂದ.

ಶಾವಂತ್ರೆವ್ವನ ಮನೆಯಲ್ಲಿ ಇಬ್ಬರೇ ಹೆಂಗಸರು. ಮಗ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸೊಸೆ ಕಸ್ತೂರೆವ್ವ ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ನೇಯುತ್ತಿದ್ದಳು. ಕೈಮಗ್ಗದ ಬಟ್ಟೆಗೆ ಆ ಕಾಲದಲ್ಲಿ ಮತ್ತೆ ಬೇಡಿಕೆ ಬಂದಿತ್ತು. ಇರಸಂಗಪ್ಪ ಒಳಗೆ ಬಂದಾಗ ಅತ್ತೆಯ ತಲೆಯಿಂದ ಇನ್ನೂ ಸೀಗೆಕಾಯಿಯ ಹೊಗರುವಾಸನೆ ಬರುತ್ತಿತ್ತು.

"ನೀವು ನಿಮ್ಮ ಅತ್ತಿಗೆ ಹೊಡದೀರೇನವ್ವ?" ಎಂದು ಅವನು ನಿಯಮದಂತೆ ಕೇಳಿದ.

"ಬಡದೀನ್ರಿ" ಎಂದಳು ಕಸ್ತೂರೆವ್ವ. "ನೆತ್ತಿಗೆ ಎಣ್ಣಿ ಬಡೀದ ಹ್ಯಾಂಗ ತಲಿ ತಂಪಾಕ್ಕೈತಿ? ಐವತ್ತು ವರ್ಷ ಮಗ್ಗದಾಗ ಕುಂತ ಹೆಗಲ್ರಿ ಇವು, ಕಲ್ಲಾಗ್ಯಾವ. ಮೊಣಕೈ ಊರಿ ತಿಕ್ಕಿದ್ರನ ಕೈ ಮ್ಯಾಲ ಏಳತಾವು."

"ಆಕಿ ಬಡಿಯೂದು ಏನೇನೂ ಸಾಲೂದಿಲ್ರಿ ಸಾಹೇಬ್ರ" ಎಂದು ಮುದುಕಿ ನಡುವೆ ಬಾಯಿ ಹಾಕಿದಳು. "ನಮ್ಮತ್ತಿ ನನಗ ಬಡೀತಿದ್ಲು ನೋಡ್ರಿ, ಓಣಿ ಮಂದಿ ಬಂದು ಏನ್ ಜಗಳ ನಡದೈತಿ ಅಂತ ಕೇಳತಿದ್ರು. ಇಕಿಗೆ ತ್ರಾಣ ಇಲ್ಲ."

"ನನ್ನ ತ್ರಾಣೆಲ್ಲಾ ನೀವ ಕುಡದ್ರಲ್ಲ ಅತ್ತಿ."

"ಕುಡದ್ರೂ ಉಪ್ಪಿಲ್ಲ, ಖಾರಿಲ್ಲ."

ಇರಸಂಗಪ್ಪ ನಗಲಿಲ್ಲ. ಹಾಳೆಯಲ್ಲಿ "ಆಪಾದಿತೆ ಒಪ್ಪಿಕೊಂಡಿದ್ದಾಳೆ" ಎಂದು ಬರೆದುಕೊಂಡ. ಮುದುಕಿಯ ಮಾತನ್ನು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಮುಂದಿನ ಶುಕ್ರವಾರ ಕಸ್ತೂರೆವ್ವ ಹಗುರವಾಗಿಯೇ ಎಣ್ಣೆ ಹಚ್ಚಿದಳು. ಅತ್ತೆ ಬಯ್ದಳು, ಸೊಸೆಯ ಕೈ ಅಭ್ಯಾಸದಂತೆ ಗಟ್ಟಿಯಾಯಿತು. ಎರಡನೆಯ ಕೆಂಪು ಹೊರಟಿತು. ಇರಸಂಗಪ್ಪ ಎಚ್ಚರಿಕೆಯ ಪತ್ರ ತಂದ.

"ಇನ್ನೊಂದು ಬಂತಂದ್ರ ನನ್ನ ಕೈಯಾಗ ಏನೂ ಇಲ್ಲವ್ವ. ಅವತ್ತ ಕರಕೊಂಡು ಹೋಗಬೇಕಾಕ್ಕೈತಿ."

"ಎಲ್ಲಿಗೆ?"

"ಬಾಗಲಕೋಟಿಗೆ. ಛಲೋ ಐತಿ. ಬಿಸಿನೀರು, ತಾನ ಏಳೂವಂಥ ಮಂಚ, ಹೊತ್ತಿಗೆ ಸರಿಯಾಗಿ ಊಟ."

"ಎಣ್ಣಿ?"

"ಎಣ್ಣಿ ಇಲ್ಲ."

"ಮಾತಾಡೋರು?"

ಇರಸಂಗಪ್ಪ ಕಾಗದವನ್ನು ಮುಂದೆ ಹಿಡಿದು ಸಹಿ ತೆಗೆದುಕೊಂಡ. ಕಸ್ತೂರೆವ್ವ ಆ ಕಾಗದವನ್ನು ಎರಡು ಸಲ ಓದಿದಳು. ಅತ್ತೆಯನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕಾದರೆ ಅವಳ ಮೈ ಮುಟ್ಟಬಾರದು ಎಂದು ಅವಳು ಅರ್ಥ ಮಾಡಿಕೊಂಡಳು. ಹಗುರವಾಗಿ ಮುಟ್ಟಬಹುದೆಂದು ಕಾಗದದಲ್ಲಿ ಬರೆದಿತ್ತು ನಿಜ. ಆದರೆ ಹಗುರ ಎಲ್ಲಿಗೆ ಮುಗಿಯುತ್ತದೆಂಬುದು ಪಟ್ಟಿಗೆ ಗೊತ್ತಿತ್ತೇ ಹೊರತು ಅವಳ ಕೈಗೆ ಗೊತ್ತಿರಲಿಲ್ಲ.

ಆಮೇಲೆ ಆರು ತಿಂಗಳು ಆ ಮನೆಯಿಂದ ಯಾವ ಸಂಕೇತವೂ ಬರಲಿಲ್ಲ. ಇಲಾಖೆಯು "ನಿರ್ಬಾಧ ಗೃಹ" ಎಂಬ ಪ್ರಶಸ್ತಿಪತ್ರ ಅಚ್ಚು ಹಾಕಿಸಿತು. ಅದನ್ನು ತಲುಪಿಸಲು ಇರಸಂಗಪ್ಪ ಮತ್ತೆ ಗುಳೇದಗುಡ್ಡಕ್ಕೆ ಹೋದ.

ಶಾವಂತ್ರೆವ್ವ ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದಳು. ಕೂದಲನ್ನು ಕಿವಿಯವರೆಗೆ ಕತ್ತರಿಸಲಾಗಿತ್ತು. ತೋಳುಗಳು ಎದೆಯಿಂದ ಮೇಲಕ್ಕೆ ಏಳದಾಗಿದ್ದರಿಂದ ಆಕೆಗೆ ತಾನೇ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಬಾಚಬೇಕಾದ ಕೈ ಹೆದರಿ ದೂರ ನಿಂತಿತ್ತು. ಊಟದ ತಾಟು ಬಂತು. ಕಸ್ತೂರೆವ್ವ ಅದನ್ನು ಎರಡು ಮೊಳ ದೂರದಲ್ಲಿ ನೆಲದ ಮೇಲಿಟ್ಟು ಬೆರಳಿನಿಂದ ಮುಂದಕ್ಕೆ ಸರಿಸಿದಳು. ನೀರಿನ ತಂಬಿಗೆಯನ್ನೂ ಹಾಗೆಯೇ ಸರಿಸಿದಳು.

"ಹ್ಯಾಂಗದೀಯವ್ವ?" ಎಂದು ಇರಸಂಗಪ್ಪ ಕೇಳಿದ.

"ಹೂಂ" ಎಂದಳು ಮುದುಕಿ. ಅದು ಯಾವ ಪ್ರಶ್ನೆಗೆ ಉತ್ತರವೆಂದು ಹೇಳುವಂತಿರಲಿಲ್ಲ.

"ಎರಡ ತಿಂಗಳಾತ್ರಿ, ನನಗೊಂದು ಬಯ್ಗುಳ ಇಲ್ಲ" ಎಂದಳು ಕಸ್ತೂರೆವ್ವ. "ಪಲ್ಯಾಕ ಬೇಕಂತ ಉಪ್ಪು ಹಾಕದ ಕೊಟ್ಟ ನೋಡೀನಿ. ಸುಮ್ಮನ ಉಂಡಳು. ಡಾಕ್ಟರು ಮೊಬೈಲಿನಾಗ ನೋಡಿ ಎಲ್ಲಾ ಸರಿ ಐತಿ ಅಂದ್ರು."

ಇರಸಂಗಪ್ಪ ಪ್ರಶಸ್ತಿಪತ್ರವನ್ನು ಮುದುಕಿಯ ಕೈಗೆ ಕೊಟ್ಟ. ಕಾಗದದ ಅಂಚಿನಲ್ಲಿ ಅವನ ತೋರುಬೆರಳು ಆಕೆಯ ಬೆರಳುಗಳಿಗೆ ತಗಲಿತು. ಕಾಗದ ಕೆಳಗೆ ಬಿತ್ತು. ಬೆರಳನ್ನು ಆಕೆ ಹಿಡಿದುಕೊಂಡಳು. ಮುಖ ನೋಡಲಿಲ್ಲ, ಬಿಡಲೂ ಇಲ್ಲ. ಒಲೆಯ ಮೇಲಿನ ನೀರು ಕುದಿಯುವವರೆಗೂ ಅವನು ಬಾಗಿಕೊಂಡೇ ನಿಂತಿದ್ದ.

ಹೊರಗೆ ಬಂದು ಮೊಬೈಲಿನಲ್ಲಿ ಆ ಪಟ್ಟಿಯ ನಕ್ಷೆ ತೆರೆದ. ನೂರ ಎಂಬತ್ತಮೂರು ದಿನಗಳ ಗೆರೆ ಎಲ್ಲೂ ಏಳದೆ ಬೀಳದೆ ಚಪ್ಪಟೆಯಾಗಿ ಸಾಗಿತ್ತು. ತುದಿಯಲ್ಲಿ ಮಾತ್ರ ಸಣ್ಣದೊಂದು ಉಬ್ಬು ಕಾಣಿಸಿತು. ಆ ಉಬ್ಬು ಅವನದೇ.

ಅಂದು ಅವನು ಡಾಕ್ಟರ್ ನಳಿನಾಕ್ಷಿಯವರಿಗೆ ನೇರವಾಗಿ ಬರೆದ. ಅವರು ಹದಿನೈದು ದಿನಗಳಲ್ಲಿ ತಾವೇ ಬಂದರು. ಐವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಶಾವಂತ್ರೆವ್ವನ ಎದುರು ಬಹಳ ಹೊತ್ತು ಕುಳಿತು, ನಕ್ಷೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದರು. ಕೊನೆಗೆ ಕಸ್ತೂರೆವ್ವನ ಕಡೆ ತಿರುಗಿದರು.

"ಮೊದಲ ವರ್ಷ ನಾವು ಎಣ್ಣೆಸ್ನಾನಕ್ಕೆ ವಿನಾಯಿತಿ ಕೊಟ್ಟಿದ್ದೆವಮ್ಮ. ಆ ವರ್ಷ ಹದಿನೇಳು ಮನೆಗಳಲ್ಲಿ ಮುದುಕರ ಮೂಳೆ ಮುರಿಯಿತು. ಹದಿನೇಳು ಮನೆಯವರೂ ಹೇಳಿದ್ದು ಒಂದೇ ಮಾತು: ಎಣ್ಣೆ ಹಚ್ಚುತ್ತಿದ್ದೆವು, ಅಂತ."

"ಹಂಗಾದ್ರ ಅವ್ರನ್ನ ಹಿಡೀರಿ. ನನ್ನ ಕೈ ಯಾಕ ಕಟ್ಟತೀರಿ?"

"ಪಟ್ಟಿಗೆ ಕೈಯ ಬಲ ತಿಳಿಯುತ್ತದೆ. ಮನಸ್ಸು ತಿಳಿಯುವುದಿಲ್ಲ."

"ನನಗೂ ತಿಳೀತಿರಲಿಲ್ರಿ" ಎಂದಳು ಕಸ್ತೂರೆವ್ವ. "ಸುಳ್ಳ್ಯಾಕ ಹೇಳ್ಲಿ, ಒಮ್ಮೊಮ್ಮೆ ಸಿಟ್ಟೀಲೆನ ಬಡೀತಿದ್ನಿ. ದಿನಾ ಕಿಟಿಕಿಟಿ ಮಾಡತಿದ್ಲು, ಎಲ್ಲಾ ನೆನಪಾಗತಿತ್ತು. ಬಡೀತಾ ಬಡೀತಾ ಸಿಟ್ಟು ಇಳೀತಿತ್ತು. ಕಡೀಕ ತಿಕ್ಕೂದು ಅಷ್ಟ ಉಳೀತಿತ್ತು. ಅದನ್ನ ನಿಮ್ಮ ಯಂತ್ರದಾಗ ಎಲ್ಲಿ ಬರೀತೀರಿ?"

ಡಾಕ್ಟರ್ ನಳಿನಾಕ್ಷಿ ತಮ್ಮ ಪುಸ್ತಕ ತೆರೆದು ಏನನ್ನೋ ಬರೆಯಲು ಹೊರಟು, ಬರೆಯದೆ ಮುಚ್ಚಿದರು.

ಅವರು ಕಲ್ಲುಮನಸ್ಸಿನವರಲ್ಲ. ಊರಿಗೆ ಮರಳಿ ಹನ್ನೊಂದು ಸಾವಿರ ಮನೆಗಳ ನಕ್ಷೆಗಳನ್ನು ತೆಗೆಸಿ ನೋಡಿದರು. ಹತ್ತರಲ್ಲಿ ಏಳು ಮನೆಗಳ ಗೆರೆ ಚಪ್ಪಟೆಯಾಗಿತ್ತು. ಪೆಟ್ಟು ತಿನ್ನುವವರ ಸಂಖ್ಯೆ ಇಳಿದಿತ್ತು, ಅದು ಸತ್ಯ. ಆದರೆ ಅದರ ಜೊತೆಗೆ ಜನ ಮುದುಕರನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ನಳಿನಾಕ್ಷಿಯವರು ಇದಕ್ಕೆ ಸ್ಪರ್ಶನ್ಯೂನತೆ ಎಂದು ಹೆಸರಿಟ್ಟರು. ಅನ್ನವಿಲ್ಲದೆ ದೇಹ ಸೊರಗುವಂತೆ, ಬೇರೊಬ್ಬರ ಚರ್ಮದ ಶಾಖವಿಲ್ಲದೆ ಮುದಿಜೀವ ಮರಗಟ್ಟುತ್ತದೆ, ಅದೂ ಒಂದು ಬಗೆಯ ಹಿಂಸೆಯೇ ಎಂದು ವರದಿ ಬರೆದರು. ಸರಕಾರ ಒಪ್ಪಿತು. ಹೊಸ ನಿಯಮ ಬಂತು: ಮನೆಯವರು ಪ್ರತಿಯೊಬ್ಬ ವೃದ್ಧರನ್ನು ದಿನಕ್ಕೆ ನಲವತ್ತು ಸಲ, ಪೀಡನಮಿತಿಯೊಳಗೆ, ಮುಟ್ಟತಕ್ಕದ್ದು. ಕಡಿಮೆಯಾದರೆ ಅದಕ್ಕೂ ಕೆಂಪು ಸಂಕೇತ. ಬೆರಳ ತುದಿಯಿಂದ ತೋಳನ್ನು ಮೆಲ್ಲಗೆ ತಟ್ಟುವುದು ಅತ್ಯಂತ ಸುರಕ್ಷಿತವೆಂದು ಚಿತ್ರ ಸಹಿತವಾದ ಸೂಚನೆಯೂ ಮನೆಮನೆಗೆ ಹೋಯಿತು. ಎಣ್ಣೆ ತಿಕ್ಕುವುದಕ್ಕೆ ಮಾತ್ರ ವಿನಾಯಿತಿ ಮತ್ತೆ ಸಿಗಲಿಲ್ಲ.

ಪಟ್ಟಿ ಲೆಕ್ಕವಿಡುತ್ತಿತ್ತು, ಆದರೆ ತೋರಿಸುತ್ತಿರಲಿಲ್ಲ. ಹೀಗಾಗಿ ಮನೆಯವರು ತಾವೇ ಎಣಿಸಬೇಕಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಳೇದಗುಡ್ಡದ ಓಣಿಗಳಲ್ಲಿ ನಡೆದರೆ ಶಾಲೆಯ ಮಗ್ಗಿ ಕೇಳಿಸಿದಂತೆ ಕೇಳಿಸುತ್ತಿತ್ತು. ಒಂದು, ಎರಡು, ಮೂರು. ಒಬ್ಬರು ಮೊಬೈಲು ನೋಡುತ್ತ ತಟ್ಟುತ್ತಿದ್ದರು, ಇನ್ನೊಬ್ಬರು ಯಾರೊಡನೆಯೋ ಜಗಳವಾಡುತ್ತ ತಟ್ಟುತ್ತಿದ್ದರು. ನಲವತ್ತು ಆದೊಡನೆ ಏಳುತ್ತಿದ್ದರು. ಇರಸಂಗಪ್ಪ ಅದನ್ನೆಲ್ಲ ನೋಡಿಕೊಂಡು ಊರಿಂದೂರಿಗೆ ಹೋಗುತ್ತಿದ್ದ. ಅವನಿಗೆ ಬೇಸರವಾಗಲಿಲ್ಲ, ಸಮಾಧಾನವೂ ಆಗಲಿಲ್ಲ. ಹಾಳೆಗಳನ್ನು ತುಂಬುತ್ತಿದ್ದ.

ಎರಡು ತಿಂಗಳ ಮೇಲೆ ಇಲಾಖೆಯ ಗಣಕಯಂತ್ರಕ್ಕೆ ಒಂದು ವಿಚಿತ್ರ ಕಾಣಿಸಿತು. ಎಲ್ಲ ಮನೆಗಳಿಂದ ನಲವತ್ತು, ನಲವತ್ತು, ನಲವತ್ತೊಂದು ಎಂದು ಬರುತ್ತಿದ್ದರೆ, ಬೆರಳೆಣಿಕೆಯ ಮನೆಗಳ ಲೆಕ್ಕ ಎತ್ತೆತ್ತಲೋ ಹೋಗುತ್ತಿತ್ತು. ಶಾವಂತ್ರೆವ್ವನ ಮನೆಯಿಂದ ತೊಂಬತ್ತಾರು, ನೂರ ಮೂವತ್ತೊಂದು, ನೂರ ಹದಿನೆಂಟು. ಇದನ್ನು ಗಣನದೋಷವೆಂದು ದಾಖಲಿಸಿ, ಮನೆಯವರಿಗೆ ವೃಥಾ ಶ್ರಮವಾಗದಿರಲೆಂದು ಇಲಾಖೆಯವರು ಎಣಿಕೆಗಂಟೆ ಎಂಬ ಸಣ್ಣ ಉಪಕರಣವನ್ನು ತಯಾರಿಸಿದರು. ಮೊಳೆಯಿಂದ ಗೋಡೆಗೆ ಹೊಡೆದರೆ ಸಾಕು. ನಲವತ್ತನೆಯ ಸ್ಪರ್ಶಕ್ಕೆ ತಾನಾಗಿಯೇ ಟಣ್ ಎನ್ನುತ್ತದೆ. ಅಂಥ ಹನ್ನೆರಡು ಗಂಟೆಗಳು ಇರಸಂಗಪ್ಪನ ಚೀಲಕ್ಕೆ ಬಂದವು. ಮೊದಲನೆಯದನ್ನು ಹೊಡೆಯಬೇಕಾದದ್ದು ಶಾವಂತ್ರೆವ್ವನ ಗೋಡೆಗೆ.

ಅವನು ಬಾಗಿಲಿಗೆ ಬಂದಾಗ ಎಣಿಕೆ ನಡೆದಿತ್ತು. ಕಸ್ತೂರೆವ್ವ ಅತ್ತೆಯ ಪಕ್ಕ ಚಾಪೆಯ ಮೇಲೆ ಕುಳಿತು ತೋಳಿನ ಮೇಲೆ ಬೆರಳು ತಟ್ಟುತ್ತಿದ್ದಳು. ಕಣ್ಣಿನಿಂದಲೇ ಅವನಿಗೆ ಕುಳಿತುಕೊಳ್ಳಲು ಸೂಚಿಸಿದಳು.

"ಮೂವತ್ತೈದು, ಮೂವತ್ತಾರು, ಮೂವತ್ತೇಳು..."

"ಕಸ್ತೂರಿ, ಆ ಕೆಂಪ ದಡಿ ಕಣ ಯಾರಿಗೆ ಹೋತ?" ಎಂದಳು ಶಾವಂತ್ರೆವ್ವ.

"ಹುನಗುಂದದಾಕಿಗೆ. ನೋಡ್ರಿ ಅತ್ತಿ, ಎಣಿಕಿ ತಪ್ಪಿಸಿದ್ರಿ! ಎಷ್ಟಾಗಿತ್ತೋ ಏನೋ. ಒಂದು, ಎರಡು..."

ಮುದುಕಿ ಸುಮ್ಮನೆ ಗೋಡೆ ನೋಡುತ್ತ ಕುಳಿತಳು. ತೋಳು ಇನ್ನೂ ಎದೆಯಿಂದ ಮೇಲೆ ಏಳುತ್ತಿರಲಿಲ್ಲವೆಂಬುದನ್ನು ಇರಸಂಗಪ್ಪ ಗಮನಿಸಿದ. ಆದರೆ ಕತ್ತರಿಸಿದ ಕೂದಲಿಗೆ ಎಣ್ಣೆಯಿಲ್ಲದೆಯೇ ಯಾರೋ ಬೈತಲೆ ತೆಗೆದಿದ್ದರು. ಮೂವತ್ತೆಂಟಕ್ಕೆ ಬರುತ್ತಿದ್ದಂತೆ ಮುದುಕಿ ಮತ್ತೆ ಬಾಯಿ ತೆರೆದಳು.

"ಇವತ್ತ ಪಲ್ಯಾಕ ಉಪ್ಪು ಹಾಕಿದ್ದೀಯೋ ಮರತೀಯೋ? ನಿನ್ನ ಅಡಿಗಿ ಉಂಡು ನನ್ನ ನಾಲಿಗಿ ಸತ್ತ ಹೋತು."

"ಸತ್ತದ್ದ ಇಷ್ಟು ಮಾತಾಡತೈತಲ್ಲ! ಅಯ್ಯ, ಮತ್ತ ಹೋತು. ಒಂದು, ಎರಡು, ಮೂರು..."

ಮೂರನೆಯ ಸಲವೂ ಹಾಗೆಯೇ ಆಯಿತು. ಆಗ ಕಸ್ತೂರೆವ್ವ "ತಡೀರಿ, ಸಾಹೇಬ್ರಿಗೆ ಚಾ ಇಡತೀನಿ" ಎಂದು ಎದ್ದಳು. ಇರಸಂಗಪ್ಪ ಅವಳ ಹಿಂದೆಯೇ ಒಲೆಯ ಹತ್ತಿರ ಹೋಗಿ ಚೀಲದಿಂದ ಗಂಟೆಯನ್ನು ತೆಗೆದು ತೋರಿಸಿ, ಅದರ ಕೆಲಸವನ್ನು ವಿವರಿಸಿದ. ಅವಳು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ನಿಮ್ಮ ಅತ್ತಿ ಬೇಕಂತನ ತಪ್ಪಸ್ತಾಳವ್ವ" ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. "ನಿಮಗ ಗೊತ್ತಿರಲಿಕ್ಕಿಲ್ಲ."

ಕಸ್ತೂರೆವ್ವ ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ನೂಲಿನ ಕಡೆ ಗಲ್ಲ ತಿರುವಿ ತೋರಿಸಿದಳು. "ಸಾಹೇಬ್ರ, ಆ ಹಾಸಿನಾಗ ಎಷ್ಟು ಎಳಿ ಅದಾವ ಹೇಳ್ರಿ ನೋಡೂಣು. ಎರಡು ಸಾವಿರದ ನಾನೂರು. ಹಳೀ ಹಾಸು ಮುಗಿದ ಮ್ಯಾಲ ಹೊಸಾದನ್ನ ಒಂದೊಂದ ಎಳಿ ಹೊಸೆದು ಕೂಡಸ್ತೀನಿ ನಾ. ಮಗ್ಗಲ ಮನ್ಯಾಗ ಮದಿವಿ ಬಾಜಿ ಬಾರಿಸಿದ್ರೂ ಒಂದ ಎಳಿ ತಪ್ಪೂದಿಲ್ಲ. ನಲವತ್ತರಾಗ ತಪ್ಪತೀನೇನ್ರಿ?"

ಇರಸಂಗಪ್ಪ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಮತ್ತ ನಿಮಗ ಗೊತ್ತೈತಂತ ಆಕಿಗೆ ಹೇಳಬಾರದೇನು?"

"ಹೇಳಿದ್ರ ಆಕಿಗೆ ನಾಚಿಕಿ ಆಗತೈತಿ. ಬಾ, ಸುಮ್ಮನ ಮುಟ್ಟಿಕೋತ ಕುಂದ್ರು ಅಂತ ಕೇಳೂ ಹೆಂಗಸಲ್ಲ ಆಕಿ. ನಾನೂ ಹಂಗ ಕುಂದ್ರಾಕಿ ಅಲ್ಲ. ಇದ್ಯಾವದೋ ಸರ್ಕಾರದ ಕೆಲಸಂತ ಇಬ್ಬರೂ ಕುಂದರ್ತೀವಿ."

ಪಡಸಾಲೆಯಿಂದ ಶಾವಂತ್ರೆವ್ವನ ದನಿ ಬಂತು. "ಕಸ್ತೂರೀ, ಎಷ್ಟಕ್ಕ ನಿಂತಿತ್ತು?"

"ಮರತೀನಿ ಅತ್ತಿ!" ಎಂದು ಕಸ್ತೂರೆವ್ವ ಕೂಗಿದಳು. ಚಹಾದ ಕಪ್ಪನ್ನು ಇರಸಂಗಪ್ಪನ ಮುಂದಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪಡಸಾಲೆಗೆ ನಡೆದಳು.

ಅವನು ನಿಂತೇ ಚಹಾ ಕುಡಿದ. ಆಮೇಲೆ ಒಲೆಯ ಬೆಳಕಿನಲ್ಲಿ ಕುಳಿತು ಇಲಾಖೆಯ ಹಾಳೆಯನ್ನು ಮೊಣಕಾಲ ಮೇಲೆ ಹರವಿಕೊಂಡು ಬರೆದ: ಪಟ್ಟಿಯಲ್ಲಿ ದೋಷವಿಲ್ಲ. ಮನೆಯವರಿಗೆ ಎಣಿಕೆ ಬಾರದು. ಗೋಡೆ ಮಣ್ಣಿನದಾದ್ದರಿಂದ ಗಂಟೆ ನಿಲ್ಲುವುದಿಲ್ಲ. ನಿಜಕ್ಕೂ ಗೋಡೆ ಕಲ್ಲಿನದಾಗಿತ್ತು. ಕೆಳಗೆ ಸಹಿ ಹಾಕಿದ. ಸುಳ್ಳು ವರದಿ ಬರೆದವನ ಕೆಲಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಅದರಿಂದ ಭಯವೇನೂ ಆಗಲಿಲ್ಲ. ಗಂಟೆಯ ನಾಲಗೆ ಅಲುಗಾಡದಂತೆ ಅದನ್ನು ಟವೆಲಿನಲ್ಲಿ ಸುತ್ತಿ, ಉಳಿದ ಹನ್ನೊಂದರ ಪಕ್ಕ ಇಟ್ಟು, ಚೀಲದ ಬಾಯಿ ಬಿಗಿದ. ಅವರ ಎಣಿಕೆ ತಪ್ಪದಂತೆ ಗೋಡೆಯಗುಂಟ ಸರಿದು ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿದ. ಕಮತಗಿಗೆ ಕಡೆಯ ಬಸ್ಸಿತ್ತು. ಅಲ್ಲಿ ಇನ್ನೆರಡು ಮನೆಗಳ ಲೆಕ್ಕ ತಪ್ಪುತ್ತಿತ್ತು. ಇರಸಂಗಪ್ಪ ಚೀಲವನ್ನು ಎಡಹೆಗಲಿಂದ ಬಲಹೆಗಲಿಗೆ ಬದಲಾಯಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದ.